ಹೋಮ್‌ವುಡ್ ವಿಲ್ಲಾ ಮತ್ತು ಅದರ ಗಾಡಿಖಾನೆ

೧

ವಾಸ್ತುಶಿಲ್ಪದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೇವಾಲಯ, ಅರಮನೆ, ಸಭಾಮಂದಿರ ಮೊದಲಾದ ದೊಡ್ಡ ಕಟ್ಟಡಗಳಿಂದಲೇ ತಮ್ಮ ಪ್ರಮಾಣಗಳನ್ನು ಆರಿಸಿಕೊಳ್ಳುತ್ತಾರೆ. ಗೃಹಸ್ಥನೊಬ್ಬನು ವಾಸಕ್ಕಾಗಿ ಕಟ್ಟಿಸಿಕೊಂಡ ಮನೆ ಅವರ ಗಮನಕ್ಕೆ ಬರುವುದು ಅಪರೂಪ. ಬಂದರೂ ಅದರ ಮುಂಭಾಗ, ಹಜಾರ, ಊಟದ ಕೋಣೆ ಇವುಗಳ ವರ್ಣನೆಯೊಡನೆ ವಿಚಾರವು ಮುಗಿದುಹೋಗುತ್ತದೆ. ಕುದುರೆಯ ಲಾಯ, ಸಾರೋಟನ್ನು ನಿಲ್ಲಿಸುವ ಗಾಡಿಖಾನೆ, ಹುಲ್ಲಿನ ಅಟ್ಟ ಇವು ಕಟ್ಟಡದ ಲೆಕ್ಕಪತ್ರದಲ್ಲಿ ಕಾಣುತ್ತವೆಯೇ ಹೊರತು ಶಿಲ್ಪವಿಮರ್ಶೆಯಲ್ಲಿ ಕಾಣುವುದಿಲ್ಲ. ಅವು ಮನೆಗೆ ಬೇಕಾದ ಸೌಕರ್ಯಗಳು, ಮನೆಯ ಅಂಗಗಳಲ್ಲ ಎಂಬುದು ಈ ಮೌನದ ಹಿಂದಿರುವ ಅಭಿಪ್ರಾಯ.

ಈ ಅಭಿಪ್ರಾಯವನ್ನು ಪರೀಕ್ಷಿಸುವುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ದಕ್ಷಿಣದ ಅಂಚಿನಲ್ಲಿರುವ ಹೋಮ್‌ವುಡ್ ಎಂಬ ಮನೆಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ. ಗ್ಲಾಸ್ಗೋ ಕನ್ನಡಿಗರಿಗೆ ತೀರ ಅಪರಿಚಿತವಾದ ಊರೇನೂ ಅಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣದ ಕೆಲಸವು ಬಂದುದು ಆ ನಗರದ ಸಾರಸೆನ್ ಎರಕದ ಕಾರ್ಖಾನೆಯಿಂದಲೇ. ಹೋಮ್‌ವುಡ್ ೧೮೫೭-೫೮ರಲ್ಲಿ ನಿರ್ಮಿತವಾಯಿತು. ಅದನ್ನು ರಚಿಸಿದವನು ಅಲೆಕ್ಸಾಂಡರ್ ಥಾಮ್ಸನ್ (೧೮೧೭-೧೮೭೫); ಕಟ್ಟಿಸಿದವನು ಜೇಮ್ಸ್ ಕೂಪರ್ ಎಂಬ ಕಾಗದದ ಕಾರ್ಖಾನೆಯ ಒಡೆಯ. ವಿಕ್ಟೋರಿಯಾ ರಾಣಿಯ ಕಾಲದ (೧೮೩೭-೧೯೦೧) ಮಧ್ಯಮವರ್ಗದ ವಿಲ್ಲಾಗಳಲ್ಲಿ ಇದು ಉತ್ತಮವಾದವುಗಳಲ್ಲಿ ಒಂದೆಂದು ವಿದ್ವಾಂಸರು ಒಪ್ಪಿರುವರು. ಆದರೆ ಇದರ ಉತ್ತಮಿಕೆಗೆ ಕೊಡುವ ಕಾರಣಗಳಲ್ಲಿ ಗ್ರೀಕ್ ಕಂಬಗಳ ಸೊಗಸೂ ಒಳಗಿನ ಬಣ್ಣದ ಕೆಲಸವೂ ಮುಂದೆ ನಿಲ್ಲುತ್ತವೆ. ಮನೆಯನ್ನು ಗಾಡಿಖಾನೆಯೊಡನೆ ಕೂಡಿಸುವ ಉದ್ದನೆಯ ಗೋಡೆಗೆ ಒಂದೆರಡು ವಾಕ್ಯಗಳು ಮಾತ್ರ ದೊರೆಯುತ್ತವೆ. ಆ ಗೋಡೆಯನ್ನೂ ಗಾಡಿಖಾನೆಯನ್ನೂ ಬಿಟ್ಟರೆ ಹೋಮ್‌ವುಡ್ಡಿನ ರಚನೆಯೇ ಅರ್ಥವಾಗದು ಎಂಬುದನ್ನು ಸ್ಥಾಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

‘ವಿಲ್ಲಾ’ ಎಂಬುದು ಲ್ಯಾಟಿನ್ ಶಬ್ದ. ರೋಮನರಲ್ಲಿ ಇದಕ್ಕೆ ಹೊಲಮನೆ, ಅಂದರೆ ಬೇಸಾಯಕ್ಕೆ ಕೇಂದ್ರವಾದ ಮನೆ ಎಂಬುದು ಮೊದಲ ಅರ್ಥ; ನಗರದ ಶ್ರೀಮಂತರು ವಿಶ್ರಾಂತಿಗಾಗಿ ಕಟ್ಟಿಸಿಕೊಂಡ ಉಪವನಗೃಹ ಎಂಬುದು ಬಳಿಕ ಬೆಳೆದ ಅರ್ಥ. ಕಿರಿಯ ಪ್ಲಿನಿಯು ತನ್ನ ಎರಡು ವಿಲ್ಲಾಗಳನ್ನು ಕುರಿತು ಬರೆದ ಪತ್ರಗಳು ಎರಡನೆಯ ಬಗೆಗೆ ಪ್ರಸಿದ್ಧವಾದ ಸಾಕ್ಷ್ಯಗಳು. ಮೊದಲನೆಯ ಬಗೆಯನ್ನು ಕುರಿತು ವಿಟ್ರೂವಿಯಸನು ತನ್ನ ಶಿಲ್ಪಗ್ರಂಥದ ಆರನೆಯ ಅಧ್ಯಾಯದಲ್ಲಿ ಹೇಳಿರುವನು. ಅಲ್ಲಿ ಎತ್ತಿನ ಕೊಟ್ಟಿಗೆ, ಕುದುರೆಯ ಲಾಯಗಳಿಗೂ ನಿಯಮಗಳುಂಟು. ಎತ್ತುಗಳು ಅಡುಗೆಮನೆಯ ಒಲೆಯ ಕಡೆಗೆ ಮುಖವಾಗಿ ನಿಲ್ಲಬೇಕು. ಕುದುರೆಗಳಿಗೂ ಬೆಚ್ಚಗಿನ ಸ್ಥಳವೇ ಬೇಕು, ಆದರೆ ಅವು ಒಲೆಯನ್ನು ನೋಡುತ್ತಿರಬಾರದು, ಬೆಂಕಿಯ ಸಮೀಪದಲ್ಲಿ ಕಟ್ಟಿದ ಕುದುರೆಯ ಮೈಕೂದಲು ಒರಟಾಗುವುದು ಎಂದು ಆತನ ಮತ. ಶಾಸ್ತ್ರಕಾರನು ಲಾಯವನ್ನು ಮನೆಯ ವಿಚಾರದಿಂದ ಹೊರಗೆ ಹಾಕಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಡೆಯನೂ ಅಡುಗೆಯೂ ಪಶುವೂ ಒಂದೇ ವ್ಯವಸ್ಥೆಗೆ ಸೇರಿದವು.

ಹದಿನಾರನೆಯ ಶತಮಾನದಲ್ಲಿ ಇಟಲಿಯ ಆಂಡ್ರಿಯಾ ಪಲ್ಲಾಡಿಯೋ ಈ ವ್ಯವಸ್ಥೆಗೆ ಶಿಲ್ಪರೂಪವನ್ನು ಕೊಟ್ಟನು. ವೆನಿಸ್ಸಿನ ಶ್ರೀಮಂತರು ಒಳನಾಡಿನಲ್ಲಿ ಬೇಸಾಯಕ್ಕೆ ಬಂಡವಾಳ ಹಾಕುತ್ತಿದ್ದ ಕಾಲವದು. ಮಾಸೆರ್ ಎಂಬಲ್ಲಿಯ ವಿಲ್ಲಾ ಬಾರ್ಬರೋ, ಫಾನ್ಸೊಲೋ ಎಂಬಲ್ಲಿಯ ವಿಲ್ಲಾ ಎಮೋ ಇವುಗಳಲ್ಲಿ ನಡುವೆ ಒಡೆಯನ ಮನೆ; ಅದರ ಎರಡು ಪಾರ್ಶ್ವಗಳಿಂದಲೂ ರೆಕ್ಕೆಗಳಂತೆ ಚಾಚಿಕೊಂಡಿರುವ ಕಮಾನುಸಾಲಿನ ಮೊಗಸಾಲೆಗಳು. ದವಸ, ಬೇಸಾಯದ ಸಾಮಗ್ರಿ, ದನಕುದುರೆ ಮೊದಲಾದವುಗಳಿಗೆ ಈ ರೆಕ್ಕೆಗಳಲ್ಲಿ ಎಡೆ. ಒಡೆಯನು ಮಳೆಗೂ ಬಿಸಿಲಿಗೂ ಸಿಕ್ಕದೆ ಎಲ್ಲ ಕಡೆಗೂ ನಡೆದು ತನ್ನ ಕೆಲಸವನ್ನು ನೋಡಿಕೊಳ್ಳಬಹುದೆಂಬುದು ೧೫೭೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪಲ್ಲಾಡಿಯೋ ಕೊಟ್ಟ ಕಾರಣ. ಕಾರಣವು ಉಪಯೋಗಕ್ಕೆ ಸಂಬಂಧಿಸಿದ್ದು. ಫಲವು ಸೌಂದರ್ಯಕ್ಕೆ ಸಂಬಂಧಿಸಿದ್ದು. ಕಣಜವೂ ಲಾಯವೂ ಇಲ್ಲದಿದ್ದಲ್ಲಿ ನಡುಮನೆಗೆ ಆ ವಿಸ್ತಾರವೂ ಗಾಂಭೀರ್ಯವೂ ಬರುತ್ತಿರಲಿಲ್ಲ.

ಹದಿನೆಂಟನೆಯ ಶತಮಾನದ ಇಂಗ್ಲೆಂಡು ಪಲ್ಲಾಡಿಯೋವನ್ನು ಗುರುವೆಂದು ಭಾವಿಸಿತು. ಆದರೆ ಅಲ್ಲಿಯ ಜಮೀನುದಾರನು ಒಕ್ಕಣೆಯನ್ನು ತನ್ನ ಬಾಗಿಲಲ್ಲಿ ನೋಡಲು ಇಚ್ಛಿಸಲಿಲ್ಲ. ರೆಕ್ಕೆಗಳು ಉಳಿದವು, ಅವುಗಳ ಒಳಗಿದ್ದ ಬೇಸಾಯವು ಹೊರಟುಹೋಯಿತು. ಅನೇಕ ಕಡೆ ಲಾಯವು ತನ್ನದೇ ಅಂಗಳ, ತನ್ನದೇ ಗಡಿಯಾರದ ಗೋಪುರಗಳುಳ್ಳ ಪ್ರತ್ಯೇಕವಾದ ಕಟ್ಟಡವಾಯಿತು. ಮುಂದಿನ ಶತಮಾನದಲ್ಲಿ ವಿಲ್ಲಾ ಎಂಬ ಹೆಸರು ಇನ್ನೂ ಕೆಳಕ್ಕಿಳಿದು, ನಗರದ ಹೊರವಲಯದಲ್ಲಿ ಒಂದೆರಡು ಎಕರೆ ತೋಟದ ನಡುವೆ ವರ್ತಕನೋ ವಕೀಲನೋ ಕಟ್ಟಿಸಿಕೊಂಡ ಮನೆಗೂ ಅನ್ವಯಿಸತೊಡಗಿತು. ಜೆ. ಸಿ. ಲೌಡನ್ ಎಂಬಾತನು ೧೮೩೩ರಲ್ಲಿ ಕುಟೀರ, ಹೊಲಮನೆ, ವಿಲ್ಲಾಗಳ ಶಿಲ್ಪವನ್ನು ಕುರಿತು ಸಾವಿರ ಪುಟಗಳನ್ನು ಮೀರಿದ ಕೋಶವೊಂದನ್ನು ಪ್ರಕಟಿಸಿದುದೇ ಈ ಹೊಸ ಗೃಹಸ್ಥರ ಸಂಖ್ಯೆ ಎಷ್ಟಾಗಿತ್ತೆಂಬುದಕ್ಕೆ ಸಾಕ್ಷಿ.

೩

ಈ ಹೊಸ ಗೃಹಸ್ಥನಿಗೆ ಜಮೀನಿರಲಿಲ್ಲ. ಆದುದರಿಂದ ಕಣಜವಾಗಲಿ ಎತ್ತಿನ ಕೊಟ್ಟಿಗೆಯಾಗಲಿ ಬೇಕಿರಲಿಲ್ಲ. ಹಳೆಯ ಹೊಲಮನೆಯ ಪರಿವಾರದಲ್ಲಿ ಅವನ ಪಾಲಿಗೆ ಉಳಿದುದು ಗಾಡಿಖಾನೆಯೊಂದೇ. ಅದು ಅವನಿಗೆ ಅನುಕೂಲವೂ ಹೌದು, ಅಂತಸ್ತಿನ ಗುರುತೂ ಹೌದು. ಆಗಿನ ಬ್ರಿಟನ್ನಿನಲ್ಲಿ ಸ್ವಂತ ಸಾರೋಟಿಗೆ ತೆರಿಗೆ, ಸವಾರಿಯ ಕುದುರೆಗೆ ತೆರಿಗೆ, ಮನೆಯ ಕೆಲಸಕ್ಕಿಟ್ಟುಕೊಂಡ ಗಂಡಾಳಿಗೂ ತೆರಿಗೆ ಇತ್ತು. ಸಾರೋಟನ್ನು ಇಟ್ಟುಕೊಳ್ಳುವುದೆಂದರೆ ಈ ಮೂರನ್ನೂ ತಲೆಯ ಮೇಲೆ ಹಾಕಿಕೊಂಡಂತೆ. ‘ಸಾರೋಟು ಇಟ್ಟವರು’ ಎಂಬುದೇ ಸಮಾಜದಲ್ಲಿ ಒಂದು ದರ್ಜೆಯ ಹೆಸರಾಗಿತ್ತು.

ಗಾಡಿಖಾನೆಯ ರಚನೆಗೆ ತನ್ನದೇ ಆದ ಶಾಸ್ತ್ರವಿದ್ದಿತು. ಮೊದಲನೆಯದಾಗಿ, ಸಾರೋಟೂ ಕುದುರೆಯೂ ಒಂದೇ ಕೋಣೆಯಲ್ಲಿರಕೂಡದು. ಲಾಯದ ನೆಲದಿಂದೇಳುವ ಅಮೋನಿಯಾ ಆವಿಯು ಸಾರೋಟಿನ ವಾರ್ನಿಷನ್ನೂ ತೊಗಲನ್ನೂ ಕೆಡಿಸುತ್ತದೆ. ಆದಕಾರಣ ಎರಡಕ್ಕೂ ನಡುವೆ ಭದ್ರವಾದ ಗೋಡೆ ಬೇಕು. ಎರಡನೆಯದಾಗಿ, ಸಾರೋಟಿನ ಬಾಗಿಲು ಮನುಷ್ಯರ ಬಾಗಿಲಿಗಿಂತ ಅಗಲವೂ ಎತ್ತರವೂ ಆಗಿರಬೇಕಲ್ಲದೆ, ಹೊರಕ್ಕೆ ತೆರೆಯುವ ಎರಡು ಕದಗಳುಳ್ಳದ್ದಾಗಿರಬೇಕು. ಮೂರನೆಯದಾಗಿ, ಜೀನು ಲಗಾಮುಗಳನ್ನು ಇಡುವುದಕ್ಕೆ ಒಣಗಿದ ಕೋಣೆಯೊಂದು ಬೇಕು; ಸ್ಕಾಟ್ಲೆಂಡಿನಂಥ ತೇವದ ದೇಶದಲ್ಲಿ ಅಲ್ಲಿ ಅಗ್ಗಿಷ್ಟಿಕೆಯಿಲ್ಲದಿದ್ದರೆ ತೊಗಲಿಗೆ ಬೂಷ್ಟು ಹಿಡಿಯುವುದು. ಒಂದೊಂದು ಕುದುರೆಗೆ ಸುಮಾರು ಆರು ಅಡಿ ಅಗಲದ ಕಟ್ಟು, ಮೇಲ್ಗಡೆ ಹುಲ್ಲಿನ ಅಟ್ಟ, ಅನೇಕ ವೇಳೆ ಅದರ ಪಕ್ಕದಲ್ಲಿಯೇ ಗಾಡಿಯವನ ವಾಸ, ಮುಂದುಗಡೆ ಸಾರೋಟನ್ನು ತೊಳೆಯುವುದಕ್ಕೆ ಇಳಿಜಾರಾಗಿ ಕಲ್ಲು ಹಾಸಿದ ಅಂಗಳ, ಇವಿಷ್ಟೂ ಸೇರಿದರೆ ಗಾಡಿಖಾನೆ.

ಹೀಗೆ ಅವಶ್ಯಕವೂ ಗೌರವಕ್ಕೆ ಕಾರಣವೂ ಆದ ಈ ಕಟ್ಟಡವು ಕಣ್ಣಿಗೆ ಬೀಳಬಾರದೆಂಬುದು ವಿಕ್ಟೋರಿಯಾ ಕಾಲದ ವಿಚಿತ್ರ. ನಾತ, ನೊಣ, ಹುಲ್ಲಿಗೆ ಬೆಂಕಿ ಬೀಳುವ ಭಯ ಇವು ವ್ಯಾವಹಾರಿಕವಾದ ಕಾರಣಗಳು. ಇವುಗಳಿಗಿಂತಲೂ ಪ್ರಬಲವಾದುದು ಸಾಮಾಜಿಕವಾದ ಕಾರಣ. ರಾಬರ್ಟ್ ಕೆರ್ ಎಂಬ ಶಿಲ್ಪಿಯು ೧೮೬೪ರಲ್ಲಿ ಸಭ್ಯ ಗೃಹಸ್ಥನ ಮನೆಯನ್ನು ಕುರಿತು ಬರೆದ ಗ್ರಂಥದಲ್ಲಿ ಉತ್ತಮ ಗೃಹದ ಲಕ್ಷಣಗಳನ್ನು ಎಣಿಸುವಾಗ ಏಕಾಂತಕ್ಕೆ ಮೊದಲನೆಯ ಸ್ಥಾನವನ್ನು ಕೊಟ್ಟನು. ಮನೆಯವರು ಬೇರೆ, ಆಳುಗಳು ಬೇರೆ. ಇವರ ದಾರಿಗಳು ಕೂಡಬಾರದು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಇದು ಆ ನಿಯಮದ ತಾತ್ಪರ್ಯ. ಮನೆಯೊಳಗಿನ ಆಳುಗಳ ಸಂಗತಿಯೇ ಹೀಗಿರುವಲ್ಲಿ ಲಾಯದವರ ಸಂಗತಿಯನ್ನು ಹೇಳಬೇಕಾದುದಿಲ್ಲ. ಸಾಮಾನ್ಯ ವಿಲ್ಲಾಗಳಲ್ಲಿ ಗಾಡಿಖಾನೆಯು ಮನೆಯ ಹಿಂದೆಯೋ, ಪೊದೆಗಳ ಮರೆಯಲ್ಲಿಯೋ, ಹಿಂದಿನ ಓಣಿಗೆ ಮುಖವಾಗಿಯೋ ನಿಂತಿತು. ಮನೆಗೆ ಕಡೆದ ಕಲ್ಲು, ಗಾಡಿಖಾನೆಗೆ ಒರಟು ಕಲ್ಲು ಅಥವಾ ಇಟ್ಟಿಗೆ ಎಂಬ ಭೇದವೂ ಸಾಮಾನ್ಯವಾಗಿದ್ದಿತು. ಹೋಮ್‌ವುಡ್ಡಿನ ರಚನೆ ಎಷ್ಟರಮಟ್ಟಿಗೆ ರೂಢಿಯನ್ನು ಬಿಟ್ಟದ್ದೆಂಬುದನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕು.

೪

ಥಾಮ್ಸನ್ನನು ಸ್ಟರ್ಲಿಂಗ್ ಪ್ರಾಂತದ ಬಾಲ್‌ಫ್ರನ್ ಎಂಬ ಗ್ರಾಮದಲ್ಲಿ ಬಹುಸಂತಾನವುಳ್ಳ ಕುಟುಂಬವೊಂದರಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡನು. ಗ್ಲಾಸ್ಗೋ ನಗರದಲ್ಲಿ ಶಿಲ್ಪಿಗಳ ಕೈಕೆಳಗೆ ಕೆಲಸ ಕಲಿತು, ಮೊದಲು ಜಾನ್ ಬೇರ್ಡ್ ಎಂಬಾತನೊಡನೆಯೂ ಬಳಿಕ ತನ್ನ ತಮ್ಮನಾದ ಜಾರ್ಜನೊಡನೆಯೂ ಪಾಲುಗಾರನಾಗಿ ವೃತ್ತಿ ನಡೆಸಿದನು. ಆತನಿಗೆ ‘ಗ್ರೀಕ್’ ಥಾಮ್ಸನ್ ಎಂಬ ಅಡ್ಡಹೆಸರು ಬಂದಿದ್ದರೂ ಆತನು ಗ್ರೀಸ್ ದೇಶವನ್ನು ಕಂಡವನಲ್ಲ. ಪಾರ್ಥೆನಾನ್, ಈಜಿಪ್ಟಿನ ದೇವಾಲಯಗಳು, ಅಸ್ಸೀರಿಯಾದ ಅರಮನೆಗಳು ಇವೆಲ್ಲವನ್ನೂ ಆತನು ಅರಿತದ್ದು ಅಚ್ಚಾದ ಚಿತ್ರಪಟಗಳಿಂದ. ಆದಾಗ್ಯೂ ಆತನ ಗ್ರೀಕ್ ವಿದ್ಯೆಯು ಕೇವಲ ಚಿತ್ರಗಳ ಪಡಿಯಚ್ಚಾಗಲಿಲ್ಲ. ಆತನ ಹಿಂದಿನ ತಲೆಮಾರಿನ ಶಿಲ್ಪಿಗಳು ಗ್ರೀಕ್ ಕಂಬಗಳನ್ನು ಅಳೆದು ಅವುಗಳನ್ನೇ ಬ್ಯಾಂಕುಗಳ ಮುಂದೆಯೂ ನ್ಯಾಯಸ್ಥಾನಗಳ ಮುಂದೆಯೂ ನಿಲ್ಲಿಸಿದ್ದರು. ಇಂಥವರು ಆಕಾರದ ಹಿಂದಿರುವ ನಿಯಮವನ್ನು ಕಾಣಲಾರದೆ ಹೋದರು, ಶೈಲಿಗೆ ಒಡೆಯರಾಗಲಾರದೆ ಅದರ ಆಳುಗಳಾದರು ಎಂಬುದು ಥಾಮ್ಸನ್ನನು ತನ್ನ ಉಪನ್ಯಾಸವೊಂದರಲ್ಲಿ ತಿಳಿಸಿದ ಅಭಿಪ್ರಾಯದ ಸಾರ.

ಆತನು ಕಂಡ ನಿಯಮವು ಸರಳವಾದುದು. ಕಂಬದ ಮೇಲೆ ಅಡ್ಡತೊಲೆ ಕೂರುತ್ತದೆ, ಭಾರವು ನೇರವಾಗಿ ನೆಲಕ್ಕಿಳಿಯುತ್ತದೆ, ಕಟ್ಟಡವು ಶಾಂತವಾಗಿರುತ್ತದೆ. ಕಮಾನಿನಲ್ಲಿಯಾದರೋ ಕಲ್ಲುಗಳು ಒಂದನ್ನೊಂದು ಪಕ್ಕಕ್ಕೆ ನೂಕುತ್ತಿರುತ್ತವೆ. ಅದರ ಒಳಗೆ ಸದಾ ಒಂದು ಹೋರಾಟವುಂಟು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಹೊಸ ಕಟ್ಟಡಕ್ಕೆ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಸಿದ್ಧಪಡಿಸಿದ ಗಾಥಿಕ್ ನಕ್ಷೆಯನ್ನು ಥಾಮ್ಸನ್ನನು ೧೮೬೬ರಲ್ಲಿ ಬಹಿರಂಗವಾಗಿ ಖಂಡಿಸಿದನು. ಕಟ್ಟಡದ ಶಾಸ್ತ್ರದ ದೃಷ್ಟಿಯಿಂದ ಯಾರ್ಕ್ ನಗರದ ಮಹಾದೇವಾಲಯಕ್ಕಿಂತ ಆದಿಮಾನವರು ನಿಲ್ಲಿಸಿದ ಸ್ಟೋನ್‌ಹೆಂಜಿನ ಕಲ್ಲುಗಳೇ ಮೇಲೆಂದು ಹೇಳುವಷ್ಟು ದೂರಕ್ಕೂ ಆತನು ಹೋದನು. ವಾದದಲ್ಲಿ ಅತಿಶಯವಿರಬಹುದು, ಆದರೆ ಅಡ್ಡಗೆರೆಯ ಮೇಲೆ ಆತನಿಗಿದ್ದ ನಂಬಿಕೆ ಅದರಿಂದ ಸ್ಪಷ್ಟವಾಗುತ್ತದೆ. ಮತಶ್ರದ್ಧೆಯುಳ್ಳ ಪ್ರೆಸ್ಬಿಟೀರಿಯನ್ ಸಭೆಯ ಹಿರಿಯನಾಗಿದ್ದ ಆತನಿಗೆ ಎಡೆಬಿಡದೆ ಹರಿಯುವ ಅಡ್ಡಗೆರೆಯಲ್ಲಿ ಅನಂತತೆಯ ಸೂಚನೆ ಕಂಡಿತು. ಎಡಿನ್‌ಬರೋ ನಗರದ ಗುಡ್ಡದ ಇಳಿಜಾರಿನಲ್ಲಿ ತಾಮಸ್ ಹ್ಯಾಮಿಲ್ಟನ್ನನು ೧೮೨೫-೨೯ರಲ್ಲಿ ಕಟ್ಟಿದ ಹೈಸ್ಕೂಲನ್ನು ಥಾಮ್ಸನ್ನನು ರಾಜ್ಯದಲ್ಲಿಯೇ ಅತ್ಯುತ್ತಮವಾದ ಎರಡು ಕಟ್ಟಡಗಳಲ್ಲಿ ಒಂದೆಂದು ಎಣಿಸಿದನು. ನಡುವೆ ದೇವಾಲಯದಂಥ ಮಂದಿರ, ಎರಡು ಕಡೆಗೂ ಹರಡಿದ ಕಂಬಸಾಲುಗಳು, ತುದಿಗಳಲ್ಲಿ ಚಿಕ್ಕ ಕಟ್ಟಡಗಳು: ಬಿಡಿ ಬಿಡಿಯಾದ ಅಂಗಗಳನ್ನು ಒಂದೇ ಜಗತಿಯ ಮೇಲೆ ಕೂಡಿಸುವ ಪಾಠವು ಅಲ್ಲಿತ್ತು.

ಕೂಪರನು ಥಾಮ್ಸನ್ನನ ಬಳಿಗೆ ಬಂದ ಕಾಲವೂ ಅನುಕೂಲವಾಗಿದ್ದಿತು. ಗ್ಲಾಸ್ಗೋ ನಗರದ ಕ್ಯಾಲೆಡೋನಿಯಾ ರಸ್ತೆಯ ಚರ್ಚು (೧೮೫೬-೫೭), ಸೇಂಟ್ ವಿನ್ಸೆಂಟ್ ಬೀದಿಯ ಚರ್ಚು (೧೮೫೭-೫೯) ಇವುಗಳಲ್ಲಿ ಆತನ ಶಕ್ತಿಯು ಪೂರ್ಣವಾಗಿ ಪ್ರಕಟವಾಗುತ್ತಿದ್ದ ಸಮಯವದು. ಜೇಮ್ಸ್ ಕೂಪರನೂ ಆತನ ಸೋದರನಾದ ರಾಬರ್ಟನೂ ಕ್ಯಾತ್‌ಕಾರ್ಟ್ ಎಂಬಲ್ಲಿ ವೈಟ್ ಕಾರ್ಟ್ ನದಿಯ ದಡದಲ್ಲಿದ್ದ ಮಿಲ್‌ಹೋಮ್ ಕಾಗದದ ಕಾರ್ಖಾನೆಯ ಒಡೆಯರು. ಕಾರ್ಖಾನೆಯು ನದಿಯ ಕಣಿವೆಯಲ್ಲಿ. ಹೋಮ್‌ವುಡ್ ಅದರ ಮೇಲಣ ದಿಣ್ಣೆಯಲ್ಲಿ. ಕ್ಯಾತ್‌ಕಾರ್ಟ್ ಆಗ ಗ್ಲಾಸ್ಗೋ ನಗರಕ್ಕೆ ಸೇರಿರಲಿಲ್ಲ, ಸೇರಿದುದು ೧೯೧೨ರಲ್ಲಿ. ರೈಲು ಅಲ್ಲಿಗೆ ಬಂದುದು ೧೮೮೬ರಲ್ಲಿ. ಅಲ್ಲಿಯವರೆಗೆ ಸುಮಾರು ಮೂವತ್ತು ವರ್ಷ ಈ ಮನೆಯವರು ನಗರದ ವ್ಯಾಪಾರಸ್ಥರನ್ನೂ ನೆಂಟರಿಷ್ಟರನ್ನೂ ಕಾಣಬೇಕಾದರೆ ಕುದುರೆಗಳೇ ಗತಿ. ಗಾಡಿಖಾನೆಯು ಹೋಮ್‌ವುಡ್ಡಿಗೆ ಅಲಂಕಾರವಾಗಿರಲಿಲ್ಲ. ಮನೆಯನ್ನು ಲೋಕದೊಡನೆ ಕೂಡಿಸುವ ಬಾಗಿಲಾಗಿತ್ತು.

೫

ಮನೆಯು ಗ್ಲಾಸ್ಗೋ ಪ್ರಾಂತಕ್ಕೆ ಸಹಜವಾದ ಹೊಂಬಿಳುಪಿನ ಮರಳುಗಲ್ಲಿನಿಂದ ಕಟ್ಟಿದುದು. ಮಾಡಿನ ಇಳಿಜಾರು ತೀರ ಕಡಮೆ. ಮುಂದುಗಡೆ ನಿಂತು ನೋಡಿದವರಿಗೆ ಮೊದಲು ತೋರುವುದು ಎಡಬಲಗಳ ಅಸಮತೆ. ಒಂದು ಪಾರ್ಶ್ವದಲ್ಲಿ ಎರಡಂತಸ್ತಿನ ಭಾಗ. ಅದರ ಕೆಳಗಿನ ಅಂತಸ್ತಿನಲ್ಲಿ ಮನೆಯವರು ಹಗಲು ಕುಳಿತುಕೊಳ್ಳುವ ಪಾರ್ಲರು, ಮೇಲಿನ ಅಂತಸ್ತಿನಲ್ಲಿ ಅತಿಥಿಗಳನ್ನು ಸತ್ಕರಿಸುವ ಡ್ರಾಯಿಂಗ್ ರೂಮು. ಇನ್ನೊಂದು ಪಾರ್ಶ್ವದಲ್ಲಿ ಒಂದೇ ಅಂತಸ್ತಿನ, ಆದರೆ ಎತ್ತರವಾದ ಊಟದ ಕೋಣೆ. ಎರಡರ ನಡುವೆ ಮೆಟ್ಟಿಲುಗಳನ್ನೇರಿ ಒಳಹೊಗುವ ಬಾಗಿಲು. ಬಾಗಿಲ ಹಿಂದೆ ಹಜಾರ ಮತ್ತು ಮಹಡಿಯ ಮೆಟ್ಟಿಲು; ಅದರ ಮೇಲುಗಡೆ ಎಲ್ಲಕ್ಕಿಂತ ಎತ್ತರದಲ್ಲಿ ಬೆಳಕನ್ನು ಒಳಕ್ಕೆ ಬಿಡುವ ದುಂಡನೆಯ ಗಾಜಿನ ಗುಮ್ಮಟ.

ಗ್ರೀಕ್ ದೇವಾಲಯದಲ್ಲಿ ಅಸಮತೆಗೆ ಅವಕಾಶವಿಲ್ಲ. ಎಡಕ್ಕಿದ್ದುದು ಬಲಕ್ಕೂ ಇರಲೇಬೇಕು. ಆದರೆ ಮನೆಯಲ್ಲಿ ಕುಳಿತುಕೊಳ್ಳುವ ಕೋಣೆಯ ಕೆಲಸ ಬೇರೆ, ಊಟದ ಕೋಣೆಯ ಕೆಲಸ ಬೇರೆ. ಥಾಮ್ಸನ್ನನು ಕೆಲಸದ ಭೇದವನ್ನು ಆಕಾರದ ಭೇದದಿಂದ ತೋರಿಸಿದನು. ಹಗಲಿನ ಕೋಣೆಗೆ ದುಂಡಾಗಿ ಹೊರಚಾಚಿದ ಕಂಬಸಾಲು. ಅದರೊಳಗಿಂದ ತೋಟವು ಸುತ್ತಲೂ ಕಾಣಬೇಕು. ಊಟದ ಕೋಣೆಗೆ ನೆಟ್ಟನೆಯ ಮುಖ. ಅಲ್ಲಿ ಕುಳಿತವರ ನೋಟವು ಹೊರಕ್ಕಿಂತ ಹೆಚ್ಚಾಗಿ ಒಳಕ್ಕೆ ಹರಿಯಬೇಕು. ಒಂದು ಹಗುರ, ಇನ್ನೊಂದು ಗಂಭೀರ. ಸರಿಸಮವಾದ ಅಂಗಗಳಿಂದ ಬರುವ ಸಮತೋಲಕ್ಕೆ ಬದಲಾಗಿ ಗುಣಭೇದವುಳ್ಳ ಅಂಗಗಳಿಂದ ಸಮತೋಲವನ್ನು ಸಾಧಿಸಿರುವುದು ಇಲ್ಲಿಯ ವಿಶೇಷ.

ದುಂಡು ಕಂಬಸಾಲಿನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಮಾನ್ಯರು ಹೊರಚಾಚಿದ ಕಿಟಕಿಯನ್ನು ಮಾಡುವಾಗ ಕಂಬ ಕಂಬಗಳ ನಡುವೆ ಗಾಜನ್ನು ಕೂರಿಸುತ್ತಾರೆ. ಆಗ ಕಂಬವು ಕಿಟಕಿಯ ಚೌಕಟ್ಟಾಗಿ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತದೆ. ಥಾಮ್ಸನ್ನನು ಕಲ್ಲಿನ ಕಂಬಗಳನ್ನು ಸ್ವತಂತ್ರವಾಗಿ ನಿಲ್ಲಿಸಿ, ಅವುಗಳ ಹಿಂದೆ ಮರದ ಚೌಕಟ್ಟಿನಲ್ಲಿ ಗಾಜಿನ ಗೋಡೆಯನ್ನು ಬೇರೆಯಾಗಿ ಇಟ್ಟನು. ಭಾರವನ್ನು ಹೊರುವುದು ಕಂಬ. ಗಾಳಿ ಮಳೆಗಳನ್ನು ತಡೆಯುವುದು ಗಾಜು. ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದಿಲ್ಲ. ೧೮೬೭ರಲ್ಲಿ ಹುಟ್ಟಿದ ಅಮೆರಿಕದ ಫ್ರಾಂಕ್ ಲಾಯ್ಡ್ ರೈಟನ ಮನೆಗಳನ್ನು ಬಲ್ಲ ವಿಮರ್ಶಕರು ಹೋಮ್‌ವುಡ್ಡನ್ನು ಅವುಗಳೊಡನೆ ಹೋಲಿಸಿರುವುದಕ್ಕೆ ಈ ಬಗೆಯ ವಿವೇಕವೂ ಅಡ್ಡಗೆರೆಯ ಪ್ರಾಧಾನ್ಯವೂ ಕಾರಣಗಳು. ಒಬ್ಬರಿಂದ ಒಬ್ಬರು ಕಲಿತರೆಂದು ಇದರಿಂದ ಹೇಳಬೇಕಾದುದಿಲ್ಲ. ಒಂದೇ ನಿಯಮವನ್ನು ಕಂಡವರು ಒಂದೇ ಕಡೆಗೆ ಬರುವುದು ಸಹಜ.

ಒಳಗಡೆ ಊಟದ ಕೋಣೆಯ ಗೋಡೆಗಳ ಮೇಲ್ಭಾಗದಲ್ಲಿ ಹೋಮರನ ಇಲಿಯಡ್ ಕಾವ್ಯದ ಪ್ರಸಂಗಗಳು ಪಟ್ಟಿಕೆಯಾಗಿ ಸುತ್ತುವರಿದಿವೆ. ಇವು ಜಾನ್ ಫ್ಲ್ಯಾಕ್ಸ್‌ಮನ್ (೧೭೫೫-೧೮೨೬) ಎಂಬ ಶಿಲ್ಪಿಯು ರೋಮ್ ನಗರದಲ್ಲಿದ್ದಾಗ ರಚಿಸಿ, ೧೭೯೩ರಲ್ಲಿ ಪ್ರಕಟವಾದ ರೇಖಾಚಿತ್ರಗಳನ್ನು ಅನುಸರಿಸಿದುವು. ಬಿಳಿಯ ಅಮೃತಶಿಲೆಯ ಸೈಡ್‌ಬೋರ್ಡು ಅದೇ ಕೋಣೆಯಲ್ಲಿದೆ. ಗುಮ್ಮಟದ ಬುಡದಲ್ಲಿ ಗ್ರೀಕ್ ಪುರಾಣದ ಕಿಮೇರಾ ಎಂಬ ಮಿಶ್ರಮೃಗಗಳು ಗಾರೆಯಲ್ಲಿ ಮಾಡಲ್ಪಟ್ಟಿವೆ. ಬಣ್ಣ, ಮರಗೆಲಸ, ಅಗ್ಗಿಷ್ಟಿಕೆ, ಬಾಗಿಲುಗಳ ಅಲಂಕಾರ ಎಲ್ಲವೂ ಶಿಲ್ಪಿಯ ಒಂದೇ ಕಲ್ಪನೆಗೆ ಒಳಪಟ್ಟಿದ್ದುವೆಂಬುದು ಮುಖ್ಯವಾದ ಸಂಗತಿ. ಮೇಲ್ಚಾವಣಿಯಿಂದ ಬಾಗಿಲಿನವರೆಗೆ ಯಾವುದನ್ನೂ ಅಲಕ್ಷಿಸದವನು ಹೊರಗಿನ ಗಾಡಿಖಾನೆಯನ್ನು ಮಾತ್ರ ಅಲಕ್ಷಿಸುವನೇ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಏಳುತ್ತದೆ.

೬

ಉತ್ತರವು ಕಟ್ಟಡದಲ್ಲಿಯೇ ಇದೆ. ಹೋಮ್‌ವುಡ್ಡಿನಲ್ಲಿ ಗಾಡಿಖಾನೆಯು ಮನೆಯ ಹಿಂದೆ ಅಡಗಿಲ್ಲ. ಮನೆಯಿಂದ ಹೊರಟ ತಗ್ಗಾದ ಉದ್ದನೆಯ ಗೋಡೆಯೊಂದು ಗಾಡಿಖಾನೆಯವರೆಗೆ ಸಾಗುತ್ತದೆ; ಮನೆ, ಗೋಡೆ, ಗಾಡಿಖಾನೆ ಈ ಮೂರೂ ಸೇರಿ ಒಂದು ಪಂಕ್ತಿಯಾಗುತ್ತವೆ. ಬ್ಲ್ಯಾಕಿ ಸಂಸ್ಥೆಯವರು ೧೮೬೮ರಲ್ಲಿ ಪ್ರಕಟಿಸಿದ ವಿಲ್ಲಾ ಮತ್ತು ಕುಟೀರಗಳ ಶಿಲ್ಪಗ್ರಂಥದಲ್ಲಿ ಹೋಮ್‌ವುಡ್ಡಿನ ನಕ್ಷೆಗಳೂ ಮುಖಚಿತ್ರಗಳೂ ಅಂಗವಿವರಗಳೂ ಅಚ್ಚಾಗಿವೆ. ಮನೆಯ ಮೂಲಸ್ವರೂಪಕ್ಕೆ ಆ ಗ್ರಂಥವೇ ಮುಖ್ಯವಾದ ಆಧಾರ.

ಎತ್ತರಗಳ ಕ್ರಮವನ್ನು ಮಾತ್ರ ಗಮನಿಸಿದರೂ ಈ ರಚನೆಯ ಮರ್ಮವು ತಿಳಿಯುವುದು. ಎಲ್ಲಕ್ಕಿಂತ ಮೇಲೆ ಗುಮ್ಮಟ. ಅದಕ್ಕೆ ಕೆಳಗೆ ಎರಡಂತಸ್ತಿನ ಭಾಗ. ಅದಕ್ಕೆ ಕೆಳಗೆ ಒಂದಂತಸ್ತಿನ ಊಟದ ಕೋಣೆ. ಎಲ್ಲಕ್ಕಿಂತ ತಗ್ಗಾಗಿ ಗೋಡೆ. ಗೋಡೆಯ ತುದಿಯಲ್ಲಿ ಗಾಡಿಖಾನೆಯು ಮತ್ತೆ ಸ್ವಲ್ಪ ಎತ್ತರವನ್ನು ಪಡೆಯುತ್ತದೆ. ದೀರ್ಘವಾಕ್ಯವೊಂದು ತನ್ನ ಭಾರವನ್ನೆಲ್ಲ ಮೊದಲಲ್ಲಿ ಇಳಿಸಿ, ನಡುವೆ ಸಮವಾಗಿ ಹರಿದು, ಕೊನೆಯಲ್ಲಿ ಕ್ರಿಯಾಪದವೊಂದರಿಂದ ನೆಲೆಗೊಳ್ಳುವಂತೆ ಈ ಪಂಕ್ತಿಯು ಗಾಡಿಖಾನೆಯಲ್ಲಿ ನಿಲ್ಲುತ್ತದೆ. ಕೊನೆಯ ಪದವನ್ನು ಅಳಿಸಿದರೆ ಹಿಂದಿನ ಪದಗಳು ಎಷ್ಟೇ ಸುಂದರವಾಗಿದ್ದರೂ ವಾಕ್ಯವು ಅಪೂರ್ಣವಾಗುವುದಷ್ಟೆ. ಎರಡಂತಸ್ತಿನ ಭಾಗಕ್ಕೂ ಊಟದ ಕೋಣೆಗೂ ಇರುವ ಅಸಮತೆಯು ಮನೆಯನ್ನು ಮಾತ್ರ ನೋಡಿದವನಿಗೆ ಚಮತ್ಕಾರವೆಂದು ತೋರಬಹುದು; ಇಡೀ ಪಂಕ್ತಿಯನ್ನು ನೋಡಿದವನಿಗೆ ಅದು ಅಗತ್ಯವೆಂದು ತೋರುವುದು.

ಇದಕ್ಕೆ ಒಂದು ಆಕ್ಷೇಪವನ್ನು ತರಬಹುದು. ಗೋಡೆಯು ಕೂಡಿಸುವುದಕ್ಕಾಗಿ ಹುಟ್ಟಿದುದಲ್ಲ, ಮರೆಮಾಡುವುದಕ್ಕಾಗಿ ಹುಟ್ಟಿದುದು; ಕೆಲಸದ ಅಂಗಳವು ಮುಂದಣ ದಾರಿಯಲ್ಲಿ ಬರುವ ಅತಿಥಿಗೆ ಕಾಣದಿರಲೆಂದು ತೆರೆಯಂತೆ ಎದ್ದುದು; ಕೂಡಿಸಿದಂತೆ ತೋರುವುದು ಅದರ ಅನುಷಂಗಿಕ ಫಲವೆಂದು ಹೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೂಪರನ ಮನೆಯಲ್ಲಿ ಗಾಡಿಯವನೂ ಒಡೆಯನೂ ಸಮಾನರಾಗಿದ್ದರೆಂದು ಯಾರೂ ಹೇಳಲಾರರು. ಕೆರ್ ಹೇಳಿದ ಏಕಾಂತದ ನಿಯಮವು ಇಲ್ಲಿಯೂ ನಡೆಯಿತು. ಗೋಡೆಯ ಈಚೆಗೆ ತೋಟ, ಕಂಬಸಾಲು, ಇಲಿಯಡ್. ಆಚೆಗೆ ಹುಲ್ಲು, ನೀರು, ಜೀನು. ಆದರೆ ಮರೆಮಾಡುವುದೊಂದೇ ಉದ್ದೇಶವಾಗಿದ್ದ ಪಕ್ಷದಲ್ಲಿ ರೂಢಿಯಂತೆ ಹಿತ್ತಲಿನಲ್ಲಿ ಗಾಡಿಖಾನೆಯನ್ನು ಕಟ್ಟಿ ಮುಂದೆ ಪೊದೆಗಳನ್ನು ಬೆಳೆಸಿದ್ದರೆ ಸಾ‌ಕಾಗುತ್ತಿತ್ತು, ಖರ್ಚೂ ಕಡಮೆಯಾಗುತ್ತಿತ್ತು. ಥಾಮ್ಸನ್ನನು ಅಂಗಳವನ್ನು ಮರೆಮಾಡಿದನು, ಗಾಡಿಖಾನೆಯನ್ನು ಮರೆಮಾಡಲಿಲ್ಲ. ಅದಕ್ಕೆ ಮನೆಯ ಪಂಕ್ತಿಯಲ್ಲಿಯೇ ಸ್ಥಾನವನ್ನು ಕೊಟ್ಟು, ಆ ಪಂಕ್ತಿಯ ಕೊನೆಯನ್ನು ಅದಕ್ಕೆ ಒಪ್ಪಿಸಿದನು. ಒಂದೇ ಗೋಡೆಯು ಬಾಳಿನಲ್ಲಿ ಬೇರ್ಪಡಿಸುತ್ತದೆ, ಶಿಲ್ಪದಲ್ಲಿ ಕೂಡಿಸುತ್ತದೆ. ಆ ಸಮಾಜದ ಮೇಲ್ಮೆಯನ್ನೂ ಮಿತಿಯನ್ನೂ ಒಟ್ಟಿಗೆ ತಿಳಿಸುವ ಶಾಸನವೆಂದು ಅದನ್ನು ಓದಬಹುದು.

ಪಲ್ಲಾಡಿಯೋವಿಗೂ ಥಾಮ್ಸನ್ನನಿಗೂ ಇರುವ ಸಾಮ್ಯ ವೈಷಮ್ಯಗಳು ಈಗ ಸ್ಪಷ್ಟವಾಗುತ್ತವೆ. ಇಬ್ಬರೂ ಉಪಯೋಗದ ಕಟ್ಟಡವನ್ನು ಒಡೆಯನ ಮನೆಗೆ ಹಬ್ಬಿಸಿ ಮನೆಯ ಘನತೆಯನ್ನು ಹೆಚ್ಚಿಸಿದರು. ಆದರೆ ಪಲ್ಲಾಡಿಯೋವಿನ ರೆಕ್ಕೆಗಳು ಎರಡು. ನಡುಮನೆಯು ರಾಜನಂತೆ ಮಧ್ಯದಲ್ಲಿ ಕುಳಿತಿದೆ. ಥಾಮ್ಸನ್ನನ ರೆಕ್ಕೆ ಒಂದೇ. ಕಾಗದದ ಕಾರ್ಖಾನೆಯ ಒಡೆಯನಿಗೆ ಕಣಜವಿಲ್ಲ. ಇಲ್ಲದ ಕಣಜಕ್ಕಾಗಿ ಇನ್ನೊಂದು ರೆಕ್ಕೆಯನ್ನು ಕಟ್ಟುವುದು ಸುಳ್ಳಾಗುತ್ತಿತ್ತು. ಇದ್ದುದನ್ನು ಇದ್ದಂತೆ ತೋರಿಸಿ ಅದರಿಂದಲೇ ಸಮತೋಲವನ್ನು ಪಡೆದುದರಿಂದ ಥಾಮ್ಸನ್ನನನ್ನು ಗ್ರೀಕರ ಅನುಕರಣಕಾರನೆಂದು ಕರೆಯುವುದು ಸಲ್ಲದು. ಪ್ರಾಚೀನ ಛಂದಸ್ಸನ್ನು ಕೈಗೊಂಡು ಅದರ ಗಣನಿಯಮವನ್ನು ಮೀರದೆ ತನ್ನ ಕಾಲದ ವಸ್ತುವನ್ನು ಹೇಳಿದ ಕವಿಗೆ ಯಾವ ಗೌರವವು ಸಲ್ಲುವುದೋ ಅದೇ ಗೌರವವು ಈ ಶಿಲ್ಪಿಗೂ ಸಲ್ಲಬೇಕು.

೭

ಹೋಮ್‌ವುಡ್ಡಿನ ಮುಂದಿನ ಚರಿತ್ರೆಯು ಈ ವಾದಕ್ಕೆ ಬೇರೊಂದು ಬಗೆಯ ಸಮರ್ಥನೆಯನ್ನು ಕೊಡುತ್ತದೆ. ಕುದುರೆಗಳ ಕಾಲವು ಮುಗಿದ ಮೇಲೆ ಬ್ರಿಟನ್ನಿನ ಎಲ್ಲ ಕಡೆಗಳಲ್ಲಿಯೂ ಗಾಡಿಖಾನೆಗಳು ಮೋಟಾರು ನಿಲ್ಲಿಸುವ ಕೊಟ್ಟಿಗೆಗಳಾದವು, ಬಿಡಿಮನೆಗಳಾದವು, ಇಲ್ಲವೆ ನೆಲಸಮವಾದವು. ಮನೆ ಉಳಿದರೆ ಸಾಕೆಂಬುದು ಸಾಮಾನ್ಯರ ಭಾವನೆ. ಹೋಮ್‌ವುಡ್ ೧೯೫೮ರಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮಠವೊಂದಕ್ಕೆ ಸೇರಿತು; ಅಲ್ಲಿ ಶಾಲೆಯೂ ನಡೆಯಿತು. ಅವರ ಅಗತ್ಯಕ್ಕೆ ಹೊಸ ಕಟ್ಟಡಗಳು ಸೇರಿಕೊಂಡವು. ಒಳಗಣ ಬಣ್ಣದ ಕೆಲಸದ ಬಹುಭಾಗವು ಬೇರೆ ಬಣ್ಣದ ಕೆಳಗೆ ಮರೆಯಾಯಿತು. ೧೯೯೦ರ ದಶಕದ ಆರಂಭದಲ್ಲಿ ಆಸ್ತಿಯು ಮಾರಾಟಕ್ಕೆ ಬಂದಾಗ ತೋಟದ ನೆಲವೆಲ್ಲ ಹೊಸ ಮನೆಗಳ ನಿವೇಶನವಾಗಬಹುದೆಂಬ ಭಯವುಂಟಾಯಿತು. ೧೯೯೪ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ೧೯೯೭-೯೮ರಲ್ಲಿ ಜೀರ್ಣೋದ್ಧಾರವು ನಡೆದು, ಮೇಲೆ ಬಳಿದಿದ್ದ ಬಣ್ಣದ ಕೆಳಗಿನಿಂದ ಥಾಮ್ಸನ್ನನ ಕಾಲದ ಅಲಂಕಾರವು ಅಲ್ಲಲ್ಲಿ ಹೊರಬಂದಿತು.

ಥಾಮ್ಸನ್ನನ ಎಲ್ಲ ಕೃತಿಗಳಿಗೂ ಇಂಥ ಭಾಗ್ಯವಿರಲಿಲ್ಲ. ಕ್ವೀನ್ಸ್ ಪಾರ್ಕಿನ ಚರ್ಚು ೧೯೪೩ರಲ್ಲಿ ಯುದ್ಧದ ಬಾಂಬಿಗೆ ತುತ್ತಾಯಿತು. ಕ್ಯಾಲೆಡೋನಿಯಾ ರಸ್ತೆಯ ಚರ್ಚು ೧೯೬೫ರಲ್ಲಿ ಬೆಂಕಿಗೆ ಸಿಕ್ಕಿ, ಗೋಡೆ ಗೋಪುರಗಳು ಮಾತ್ರ ನಿಂತವು. ಹೋಮ್‌ವುಡ್ಡಿನ ನೋಟಕ್ಕೆ ಒಂದು ಗುರಿಯಾಗಿದ್ದ ಕ್ಯಾತ್‌ಕಾರ್ಟಿನ ಹಳೆಯ ಕೋಟೆಯನ್ನು ೧೯೮೦ರಲ್ಲಿ ಕೆಡವಲಾಯಿತು. ಕೂಪರ್ ಸೋದರರ ಕಾರ್ಖಾನೆಯ ಕಾಲವೂ ಎಂದೋ ಮುಗಿದುಹೋಯಿತು. ಹೀಗೆ ಸುತ್ತಲಿನ ಸಂದರ್ಭವು ಒಂದೊಂದಾಗಿ ಕಳಚಿಬೀಳುತ್ತ ಬಂದಿರುವಾಗ ಗೋಡೆ ಮತ್ತು ಗಾಡಿಖಾನೆಗಳ ಬೆಲೆಯು ಇನ್ನೂ ಹೆಚ್ಚಾಗುತ್ತದೆ. ಮನೆಯು ಒಂದು ಕಾಲದಲ್ಲಿ ಯಾವ ಬಾಳಿಗೆ ಆಶ್ರಯವಾಗಿತ್ತು, ಆ ಬಾಳು ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಕಂಬಸಾಲೊಂದೇ ತಿಳಿಸಲಾರದು.

ಮೇಲ್ಕಂಡ ವಿಚಾರದಿಂದ ಫಲಿಸುವುದಿಷ್ಟು. ವಿಲ್ಲಾ ಎಂಬುದು ಹುಟ್ಟಿನಿಂದ ಕೂಡುಕಟ್ಟಡ. ಒಡೆಯನ ಮನೆಯೂ ದುಡಿಮೆಯ ಮನೆಯೂ ಅದರ ಎರಡು ಅಂಗಗಳು. ವಿಕ್ಟೋರಿಯಾ ಕಾಲವು ಎರಡನೆಯ ಅಂಗವನ್ನು ಗಾಡಿಖಾನೆಯ ರೂಪದಲ್ಲಿ ಉಳಿಸಿಕೊಂಡಿತು, ಆದರೆ ಅದಕ್ಕಾಗಿ ನಾಚಿತು. ಥಾಮ್ಸನ್ನನು ಆ ನಾಚಿಕೆಯನ್ನು ಬಿಟ್ಟು, ಕಂಬ ತೊಲೆಗಳ ಹಳೆಯ ನಿಯಮದಿಂದ ಎರಡನ್ನೂ ಒಂದೇ ಪಂಕ್ತಿಗೆ ತಂದನು. ಕಾವ್ಯವೊಂದನ್ನು ಸಂಪಾದಿಸುವವರು ರಮ್ಯವಾದ ಪದ್ಯಗಳನ್ನು ಉಳಿಸಿಕೊಂಡು ಕಥೆಯನ್ನು ನಡೆಸುವ ಸಾಧಾರಣ ಪದ್ಯಗಳನ್ನು ಬಿಟ್ಟುಬಿಟ್ಟರೆ ಉಳಿಯುವುದು ಸುಭಾಷಿತಸಂಗ್ರಹ, ಕಾವ್ಯವಲ್ಲ. ಕಟ್ಟಡಗಳನ್ನು ಓದುವವರೂ ಕಾಪಾಡುವವರೂ ಈ ಎಚ್ಚರಿಕೆಯನ್ನು ಮರೆಯಬಾರದು.